ಕುದುರೆ ಏರಿ ಬಂದ ಸಭೆ

ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಗ್ರಾಮಕ್ಕೆ ಹೋದವರು ಅಲ್ಲಿಯ ಹಳೆಯ ಕೋಟೆಯನ್ನು ನೋಡದೆ ಬರಲಾರರು. ಕರಿಮಣ್ಣಿನ ಬಯಲು, ತೊಗರಿ ಜೋಳಗಳ ಹೊಲ, ನಡುವೆ ತಲೆಯೆತ್ತಿ ನಿಂತ ಬುರುಜು. ಕಣ್ಣಿಗೆ ಹಬ್ಬವೇ ಸರಿ. ಆದರೆ ನಾನು ಹೇಳಹೊರಟಿರುವುದು ಆ ಕೋಟೆಯ ಕಥೆಯನ್ನಲ್ಲ. ಅದರ ಆಸುಪಾಸಿನ ಒಂದು ಹಳ್ಳಿಯಲ್ಲಿ ಕಂಡ ಒಂದು ತಗಡಿನ ಪೆಟ್ಟಿಗೆಯ ಕಥೆಯನ್ನು.

ನನ್ನ ವಿದ್ಯಾರ್ಥಿಯೊಬ್ಬನ ಅಕ್ಕನ ಮದುವೆಗೆಂದು ಆ ಹಳ್ಳಿಗೆ ಹೋಗಿದ್ದೆ. ಮದುವೆಯ ಮರುದಿನ ಬೆಳಿಗ್ಗೆ, ಊರಿನ ಅಂಚಿನಲ್ಲಿರುವ ಸಣ್ಣ ಪ್ರಾರ್ಥನಾಮಂದಿರದ ಮುಂದೆ ಒಂದು ಟೆಂಪೊ ನಿಂತಿತ್ತು. ಅದರೊಳಗೆ ಒಂದು ಮಂಚ, ಒಂದು ಹೊಲಿಗೆ ಯಂತ್ರ, ಎರಡು ಗಂಟು ಪುಸ್ತಕ, ಎಲ್ಲಕ್ಕೂ ಮೇಲೆ ಆ ತಗಡಿನ ಪೆಟ್ಟಿಗೆ. ನಿನ್ನೆ ಮದುವೆ ಮಾಡಿಸಿದ ಪಾದ್ರಿಗಳೇ ಇಂದು ಊರು ಬಿಟ್ಟು ಹೊರಟಿದ್ದರು. ಸುತ್ತ ನೆರೆದ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ಮುದುಕಿಯೊಬ್ಬಳು ಜೋಳದ ರೊಟ್ಟಿಯ ಗಂಟನ್ನು ಪಾದ್ರಿಗಳ ಹೆಂಡತಿಯ ಮಡಿಲಿಗಿಟ್ಟು ಏನೂ ಮಾತನಾಡದೆ ಹಿಂದಕ್ಕೆ ಸರಿದು ನಿಂತಳು.

“ನಾಕು ವರ್ಷ ಇದ್ರು ಸರ್” ಎಂದ ಹುಡುಗ. “ಸಮ್ಮೇಳನದಾಗ ಬಿಷಪ್ ಸಾಹೇಬ್ರು ಹೆಸರು ಓದಿದ್ರಂತ. ಬದಲಿ ಆತು.”

“ನಿಮ್ಮ ಊರವರನ್ನು ಕೇಳಿದರೆ?”

ಹುಡುಗ ನಕ್ಕ. “ಇದು ನಮ್ಮೂರಾಗ ಶುರುವಾದ ಪದ್ಧತಿ ಅಲ್ಲಲ್ಲ ಸರ್.”

ಹಾಗಾದರೆ ಅದು ಎಲ್ಲಿ ಶುರುವಾಯಿತು? ಇಂಗ್ಲೆಂಡಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ನಿಜಾಮರ ಸೀಮೆಯ ಹಳ್ಳಿಗಳನ್ನು ಹೊಕ್ಕ ಒಂದು ವ್ಯವಸ್ಥೆ ಮಾಂಜ್ರಾ ನದಿಯ ದಂಡೆಯಲ್ಲಿ ಬೇರುಬಿಟ್ಟ ಬಗೆಯನ್ನು ತಿಳಿಯಬೇಕೆಂದು ಅಂದೇ ನನಗೆ ಅನ್ನಿಸಿತು. ಬೀದರ ಜಿಲ್ಲೆಯ ಕ್ರೈಸ್ತರಲ್ಲಿ ಬಹುಪಾಲು ಜನ ಮೆಥೊಡಿಸ್ಟರು. ಬೀದರ ನಗರದ ಮಂಗಲಪೇಟೆಯಲ್ಲಿ ಅವರ ದೊಡ್ಡ ದೇವಾಲಯವುಂಟು. ಭಾಲ್ಕಿ, ಔರಾದ, ಹುಮನಾಬಾದ ಸೀಮೆಯ ಹಳ್ಳಿಗಳಲ್ಲಿ ಚಿಕ್ಕಚಿಕ್ಕ ಸಭೆಗಳುಂಟು. ಇಲ್ಲಿಯವರು ಕಟ್ಟಡಕ್ಕೂ ಜನಕ್ಕೂ ‘ಸಭೆ’ ಎಂಬ ಒಂದೇ ಮಾತನ್ನು ಬಳಸುತ್ತಾರೆ. ಒಳ್ಳೆಯ ಮಾತು.

ತಂದೆಯ ಸಮಾಧಿಯ ಮೇಲೆ ನಿಂತ ಮಗ

ಜಾನ್ ವೆಸ್ಲಿ ಹುಟ್ಟಿದ್ದು ೧೭೦೩ರಲ್ಲಿ, ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಮನೆಯಲ್ಲಿ. ಆಕ್ಸ್‌ಫರ್ಡಿನಲ್ಲಿ ಇದ್ದಾಗ ಅವನೂ ಅವನ ತಮ್ಮ ಚಾರ್ಲ್ಸನೂ ಕೆಲವು ಗೆಳೆಯರೊಡನೆ ಸೇರಿ, ಇಷ್ಟು ಹೊತ್ತಿಗೆ ಪ್ರಾರ್ಥನೆ, ಇಷ್ಟು ಹೊತ್ತಿಗೆ ಅಧ್ಯಯನ, ಇಂಥ ದಿನ ಸೆರೆಮನೆಯವರ ಭೇಟಿ ಎಂದು ಗಡಿಯಾರ ಹಿಡಿದು ಬದುಕತೊಡಗಿದರು. ಸಹಪಾಠಿಗಳು ಗೇಲಿಮಾಡಿ ‘ಮೆಥೊಡಿಸ್ಟರು’, ಅಂದರೆ ಕ್ರಮದವರು, ಎಂದು ಕರೆದರು. ಗೇಲಿಯ ಹೆಸರೇ ಗಟ್ಟಿಯಾಗಿ ನಿಂತಿತು. ೧೭೩೮ರ ಮೇ ೨೪ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ವೆಸ್ಲಿಗೆ ಅಂತರಂಗದ ತಿರುವು ಒದಗಿತು. ಅಲ್ಲಿಯವರೆಗೆ ನಿಯಮವಾಗಿದ್ದ ಧರ್ಮ ಅಂದಿನಿಂದ ಅನುಭವವಾಯಿತು.

ಮುಂದಿನ ವರುಷ ಅವನು ಬಯಲಿಗಿಳಿದ. ಕಲ್ಲಿದ್ದಲ ಗಣಿಗಳ ಕೂಲಿಗಳು ದೇವಾಲಯಕ್ಕೆ ಬರುವವರಲ್ಲ. ಬಂದರೂ ಅಲ್ಲಿ ಅವರಿಗೆ ಮರ್ಯಾದೆಯ ಸ್ಥಳವಿಲ್ಲ. ಹಾಗಾಗಿ ಗಣಿಯ ಬಾಯಿಗೇ ಉಪದೇಶ ಹೋಯಿತು. ೧೭೪೨ರಲ್ಲಿ ತನ್ನ ಹುಟ್ಟೂರಿಗೆ ಹೋದಾಗ, ತಂದೆ ಬೋಧಿಸುತ್ತಿದ್ದ ದೇವಾಲಯದಲ್ಲಿಯೇ ಮಾತನಾಡಲು ಅವನಿಗೆ ಅವಕಾಶ ಸಿಗಲಿಲ್ಲ. ವೆಸ್ಲಿ ಹೊರಗೆ ಬಂದು ತಂದೆಯ ಸಮಾಧಿಯ ಕಲ್ಲಿನ ಮೇಲೆ ನಿಂತು ಉಪದೇಶ ಮಾಡಿದ. ದೇವಸ್ಥಾನದ ಬಾಗಿಲು ಮುಚ್ಚಿದಾಗ ಅಂಗಳವೇ ದೇವಸ್ಥಾನವಾಗುವ ಸಂಗತಿ ಬಸವಕಲ್ಯಾಣದ ನೆರೆಯವರಾದ ನಮಗೆ ಹೊಸದೇನೂ ಅಲ್ಲ.

ಅದೇ ವರುಷ ಬ್ರಿಸ್ಟಲಿನಲ್ಲಿ ನಡೆದ ಒಂದು ಪ್ರಸಂಗ ಈ ಸಭೆಯ ಎಲುಬುಗೂಡನ್ನೇ ರೂಪಿಸಿತು. ಅಲ್ಲಿ ಕಟ್ಟಿದ ಮಂದಿರದ ಸಾಲ ತೀರಿಸಬೇಕಾಗಿತ್ತು. ಒಬ್ಬೊಬ್ಬ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದು ಹಡಗಿನ ಕಪ್ತಾನನೊಬ್ಬ ಸೂಚಿಸಿದ. ಬಡವರು ಎಲ್ಲಿಂದ ಕೊಡಬೇಕೆಂದು ಇನ್ನೊಬ್ಬರು ಕೇಳಿದರು. ಕಡುಬಡವರಾದ ಹನ್ನೊಂದು ಜನರನ್ನು ತನಗೆ ವಹಿಸಿರೆಂದೂ, ಅವರು ಕೊಡಲಾರದ್ದನ್ನು ತಾನೇ ತುಂಬುವೆನೆಂದೂ ಕಪ್ತಾನ ಹೇಳಿದ. ಹೀಗೆ ಹನ್ನೆರಡು ಹನ್ನೆರಡು ಜನರ ತಂಡಗಳಾದವು. ಪೆನ್ನಿಗಾಗಿ ಮನೆಮನೆಗೆ ಹೋದ ನಾಯಕರು ಅಲ್ಲಿ ಕುಡಿತವನ್ನು ಕಂಡರು, ಜಗಳವನ್ನು ಕಂಡರು, ಕಾಯಿಲೆಯನ್ನು ಕಂಡರು. ಬಂದು ವೆಸ್ಲಿಗೆ ಹೇಳಿದರು. ಸಾಲ ತೀರಿಸಲು ಹುಟ್ಟಿದ ತಂಡ ಸುಖದುಃಖ ವಿಚಾರಿಸುವ ತಂಡವಾಯಿತು. ಯಾವ ಪಂಡಿತನೂ ಕುಳಿತು ಯೋಚಿಸಿ ಮಾಡಿದ ಏರ್ಪಾಡಲ್ಲ ಇದು. ಹಣದ ಲೆಕ್ಕದಲ್ಲಿ ಹುಟ್ಟಿದ್ದು. ಅದಕ್ಕೇ ಬಾಳಿಕೆ ಬಂದಿರಬೇಕು.

ಈ ತಂಡಗಳನ್ನು ನೋಡಿಕೊಳ್ಳಲು ವೆಸ್ಲಿ ತಿರುಗುವ ಬೋಧಕರನ್ನು ನೇಮಿಸಿದ. ಒಬ್ಬ ಬೋಧಕನಿಗೆ ಒಂದು ಊರಲ್ಲ, ಊರುಗಳ ಒಂದು ಸುತ್ತು. ಆ ಸುತ್ತನ್ನೂ ಕೆಲಕಾಲದ ಮೇಲೆ ಬಿಟ್ಟು ಮತ್ತೊಂದಕ್ಕೆ ಹೋಗಬೇಕು. ೧೭೪೪ರಲ್ಲಿ ಲಂಡನ್ನಿನಲ್ಲಿ ಇಂಥ ಬೋಧಕರ ಮೊದಲ ಸಮ್ಮೇಳನ ನೆರೆಯಿತು. ಏನು ಬೋಧಿಸಬೇಕು, ಹೇಗೆ ಬೋಧಿಸಬೇಕು, ಯಾರು ಎಲ್ಲಿಗೆ ಹೋಗಬೇಕು ಎಂಬುದು ಅಲ್ಲಿಯ ಚರ್ಚೆ. ಭಾತಂಬ್ರಾದ ಕಡೆಯ ಆ ಟೆಂಪೊಗೆ ಮೊದಲ ಬಾಡಿಗೆ ಗೊತ್ತುಮಾಡಿದವರು ಇವರೇ ಎನ್ನಬಹುದು!

ಬಿಷಪ್ಪನನ್ನು ಓಟಿನಿಂದ ಆರಿಸಿದವರು

ವೆಸ್ಲಿ ೧೭೯೧ರಲ್ಲಿ ತೀರಿಕೊಳ್ಳುವವರೆಗೆ ಇಂಗ್ಲೆಂಡಿನ ರಾಜಸಭೆಯ ಪಾದ್ರಿಯಾಗಿಯೇ ಉಳಿದ. ಬೇರೆ ಮತ ಕಟ್ಟುವ ಆಸೆ ಅವನಿಗಿರಲಿಲ್ಲ. ಆದರೆ ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿಯ ಅವನ ಅನುಯಾಯಿಗಳಿಗೆ ಸಂಸ್ಕಾರ ಕೊಡುವ ಪಾದ್ರಿಗಳೇ ಇಲ್ಲವಾದರು. ೧೭೮೪ರಲ್ಲಿ ವೆಸ್ಲಿ, ತನಗೆ ಆ ಅಧಿಕಾರವುಂಟೋ ಇಲ್ಲವೋ ಎಂಬ ವಾದವನ್ನು ಲೆಕ್ಕಿಸದೆ, ಥಾಮಸ್ ಕೋಕ್ ಎಂಬವನಿಗೆ ಮೇಲ್ವಿಚಾರಕನ ದೀಕ್ಷೆಯಿತ್ತು ಕಳುಹಿಸಿದ. ತಮ್ಮ ಚಾರ್ಲ್ಸನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅದೇ ಡಿಸೆಂಬರಿನಲ್ಲಿ ಬಾಲ್ಟಿಮೋರಿನಲ್ಲಿ ಬೋಧಕರು ಸೇರಿದರು. ಫ್ರಾನ್ಸಿಸ್ ಆಸ್ಬರಿಯನ್ನೂ ಮೇಲ್ವಿಚಾರಕನಾಗಿ ವೆಸ್ಲಿ ನೇಮಿಸಿಯಾಗಿತ್ತು. ಆದರೆ ಆಸ್ಬರಿ, ಜೊತೆಯ ಬೋಧಕರು ಒಮ್ಮತದಿಂದ ಆರಿಸಿದ ಹೊರತು ತಾನು ಆ ಸ್ಥಾನಕ್ಕೆ ಏರುವುದಿಲ್ಲವೆಂದು ಹಟಹಿಡಿದ. ಆರಿಸಿದರು, ಏರಿದ. ಮುಂದೆ ಅವನನ್ನು ಬಿಷಪ್ ಎಂದು ಕರೆಯತೊಡಗಿದಾಗ ವೆಸ್ಲಿ ಕೆರಳಿ ಕಾಗದ ಬರೆದ; ಫಲವಾಗಲಿಲ್ಲ.

ಒಂದು ಕಡೆ, ಬಿಷಪ್ಪನು ಬೋಧಕರ ಓಟಿನಿಂದ ಬರಬೇಕು. ಇನ್ನೊಂದು ಕಡೆ, ಬಂದ ಮೇಲೆ ಅದೇ ಬೋಧಕರನ್ನು ಬೇಕಾದಲ್ಲಿಗೆ ಕಳುಹಿಸುವ ಅಧಿಕಾರ ಅವನದು. ಪ್ರಜಾಪ್ರಭುತ್ವವೂ ದಂಡನಾಯಕತ್ವವೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಈ ಸಭೆಯನ್ನು ಎಳೆಯುತ್ತ ಬಂದಿವೆ. ರೋಮಿನ ಸಭೆಯಲ್ಲಿ ಬಿಷಪ್ ಎಂಬುದು ಪಾದ್ರಿಗಿಂತ ಮೇಲಿನ ಒಂದು ದೀಕ್ಷೆ. ಮೆಥೊಡಿಸ್ಟರಲ್ಲಿ ಹಾಗಲ್ಲ, ದೀಕ್ಷೆಗಳು ಡೀಕನ್, ಎಲ್ಡರ್ ಎಂದು ಎರಡೇ. ಬಿಷಪ್ ಎಂಬವನು ಕೆಲಸದ ಹೊಣೆ ಹೊತ್ತ ಒಬ್ಬ ಎಲ್ಡರ್, ಅಷ್ಟೆ. ಗದ್ದುಗೆಯ ಹತ್ತಿರ ನಿಂತು ನೋಡಿದರೆ ಈ ‘ಅಷ್ಟೆ’ ಅಷ್ಟು ಸಣ್ಣದಾಗಿ ಕಾಣುವುದಿಲ್ಲವೆಂಬುದು ಬೇರೆ ಮಾತು.

ಆಸ್ಬರಿಯ ಬೋಧಕರು ಕುದುರೆ ಏರಿ ಕಾಡುಮೇಡು ಅಲೆದರು. ಜೀನಿನ ಚೀಲದಲ್ಲಿ ಬೈಬಲ್, ಹಾಡಿನ ಪುಸ್ತಕ, ಶಿಸ್ತಿನ ಗ್ರಂಥ. ನಮ್ಮ ನಾಡಿನ ಮಾತಿನಲ್ಲಿ ಹೇಳುವುದಾದರೆ ಅದು ಜಂಗಮ ಸಭೆ, ಸ್ಥಾವರವನ್ನು ನೆಚ್ಚಿದ್ದಲ್ಲ. ಆದರೆ ಆ ಜಂಗಮಕ್ಕೂ ಕಳಂಕ ತಟ್ಟಿತು. ಗುಲಾಮಗಿರಿಯನ್ನು ವಿರೋಧಿಸುವ ನಿಯಮದೊಡನೆ ಹುಟ್ಟಿದ ಈ ಸಭೆ, ೧೮೪೪ರಲ್ಲಿ ಗುಲಾಮರ ಒಡೆಯನಾಗಿದ್ದ ಒಬ್ಬ ಬಿಷಪ್ಪನ ಪ್ರಶ್ನೆಯ ಮೇಲೆ ಉತ್ತರ ದಕ್ಷಿಣಗಳಾಗಿ ಒಡೆಯಿತು. ೧೯೩೯ರಲ್ಲಿ ಮತ್ತೆ ಒಂದಾದಾಗ, ಕರಿಯ ಸದಸ್ಯರ ಸಭೆಗಳನ್ನೆಲ್ಲ ಬೇರೆಯೇ ಒಂದು ವಿಭಾಗವಾಗಿ ಇಟ್ಟಿತು. ಆ ಬೇಲಿ ಕಿತ್ತುಹೋದದ್ದು ೧೯೬೮ರಲ್ಲಿ. ನಮ್ಮ ಹಳ್ಳಿಗಳ ಹೊಲಗೇರಿಗೆ ಬಂದು ‘ದೇವರ ಮುಂದೆ ಎಲ್ಲರೂ ಒಂದೇ’ ಎಂದವರ ಸ್ವಂತ ಮನೆಯಲ್ಲಿ ಅದೇ ಕಾಲಕ್ಕೆ ಬೇರೆ ಬೇರೆ ಪಂಕ್ತಿಗಳಿದ್ದವು. ಇದನ್ನು ಮರೆಯಬಾರದು; ಇದರಿಂದ ಅವರು ಹೇಳಿದ ಮಾತು ಸುಳ್ಳಾಯಿತೆಂದೂ ತಿಳಿಯಬಾರದು.

ಗಂಗೆಯಿಂದ ಮಾಂಜ್ರೆಗೆ

ಅಮೆರಿಕದ ಮೆಥೊಡಿಸ್ಟರಲ್ಲಿ ಮೊದಲು ಭಾರತಕ್ಕೆ ಬಂದವನು ವಿಲಿಯಂ ಬಟ್ಲರ್, ೧೮೫೬ರಲ್ಲಿ. ಬರೇಲಿಯಲ್ಲಿ ನೆಲೆಯೂರಿ ವರುಷ ತುಂಬುವ ಮೊದಲೇ ೧೮೫೭ರ ಬಂಡಾಯ ಸಿಡಿದು, ನೈನಿತಾಲಿನ ಬೆಟ್ಟಕ್ಕೆ ಓಡಿ ಜೀವ ಉಳಿಸಿಕೊಂಡ. ೧೮೭೦ರಲ್ಲಿ ಇಸಾಬೆಲ್ಲಾ ಥೋಬರ್ನ್, ಕ್ಲಾರಾ ಸ್ವೇನ್ ಎಂಬ ಇಬ್ಬರು ಮಹಿಳೆಯರು ಬಂದರು: ಒಬ್ಬಳು ಶಿಕ್ಷಕಿ, ಇನ್ನೊಬ್ಬಳು ವೈದ್ಯೆ. ಅವರನ್ನು ಕಳುಹಿಸಿದ್ದು ಹಿಂದಿನ ವರುಷವಷ್ಟೆ ಬಾಸ್ಟನ್ನಿನಲ್ಲಿ ಹೆಂಗಸರೇ ಕೂಡಿ ಕಟ್ಟಿಕೊಂಡ ಒಂದು ಸಂಸ್ಥೆ. ಈ ಸಭೆಯ ಶಾಲೆ ಆಸ್ಪತ್ರೆಗಳ ಚರಿತ್ರೆಯಲ್ಲಿ ಹೆಣ್ಣುಮಕ್ಕಳ ಕೈ ಗಂಡಸರದಕ್ಕಿಂತ ಒಂದು ತೂಕ ಹೆಚ್ಚೇ. ಕೋಲಾರದಲ್ಲಿ ೧೯೧೦ರಲ್ಲಿ ತೆರೆದ ಆಸ್ಪತ್ರೆಯ ಹೆಸರಿನಲ್ಲಿಯೂ ಥೋಬರ್ನ್ ಮನೆತನದ ಹೆಣ್ಣುಮಗಳೊಬ್ಬಳ ನೆನಪುಂಟು.

ಅದೇ ೧೮೭೦ರಲ್ಲಿ ವಿಲಿಯಂ ಟೇಲರ್ ಎಂಬ ಸಾಹಸಿ ಬಂದ. ಉದ್ದ ಗಡ್ಡದ ಆಳು, ಸಿಂಹಕಂಠದ ಬೋಧಕ. ಮಿಷನ್ ಮಂಡಳಿ ಎಳೆದ ಗಡಿಗೆರೆಯನ್ನು ಅವನು ಮೂಸಿಯೂ ನೋಡಲಿಲ್ಲ. ಮುಂಬಯಿ, ಮದರಾಸು, ಬೆಂಗಳೂರುಗಳಲ್ಲಿ ತಿರುಗಿ, ವಿದೇಶದ ಕಾಸಿಗೆ ಕೈಯೊಡ್ಡದೆ ತಮ್ಮ ಖರ್ಚು ತಾವೇ ನೋಡಿಕೊಳ್ಳುವ ಸಭೆಗಳನ್ನು ಎಬ್ಬಿಸಿದ. ೧೮೭೬ರಲ್ಲಿ ‘ದಕ್ಷಿಣ ಭಾರತ ಸಮ್ಮೇಳನ’ ಏರ್ಪಟ್ಟಿತು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆ ೧೮೮೦ರದು. ಕೋಲಾರದ ಕೆಲಸ ೧೮೯೦ರಲ್ಲಿ, ಬೆಳಗಾವಿಯದು ೧೯೦೪ರಲ್ಲಿ ಈ ಸಭೆಯ ಕೈಗೆ ಬಂದವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ನಿಜಾಮರ ರಾಜ್ಯದ ಗುಲಬರ್ಗಾ, ಬೀದರ, ವಿಕಾರಾಬಾದಿನ ಕಡೆಗೂ ಬೋಧಕರು ತಿರುಗತೊಡಗಿದ್ದರು.

ಟೇಲರನ ಸಭೆಗಳಲ್ಲಿದ್ದವರು ಹೆಚ್ಚಾಗಿ ಇಂಗ್ಲಿಷ್ ಬಲ್ಲ ನಗರವಾಸಿಗಳು, ಸಂಬಳದಾರರು. ಬೀದರದ ಹಳ್ಳಿಗಳಲ್ಲಿ ಮುಂದೆ ಬಂದವರು ಯಾರು? ಹೊಲೆಯರು, ಮಾದಿಗರು, ಮರಾಠಿ ಗಡಿಯಲ್ಲಿ ಮಹಾರರು, ಮಾಂಗರು. ಒಬ್ಬೊಬ್ಬರಾಗಿ ಅಲ್ಲ, ಮನೆ ಮನೆಯಾಗಿ, ಬಳಗ ಬಳಗವಾಗಿ. ಒಂದು ಊರಿನ ಬೀಗರು ದೀಕ್ಷೆ ಪಡೆದ ಸುದ್ದಿ ಇನ್ನೊಂದು ಊರಿನ ಬೀಗರಿಗೆ ಮುಟ್ಟುವುದು, ಸಂತೆಯಲ್ಲಿ ಮಾತಾಗುವುದು, ಒಂದು ರಾತ್ರಿ ಹಿರಿಯರು ಕೂಡಿ ತೀರ್ಮಾನ ಮಾಡುವುದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೀಗೆ ಹಬ್ಬಿತು. ಭಾರತದುದ್ದಕ್ಕೂ ನಡೆದ ಇಂಥ ಚಲನೆಗಳನ್ನು ಕುರಿತು ಮೆಥೊಡಿಸ್ಟ್ ಮಿಷನರಿ ವಾಸ್ಕಮ್ ಪಿಕೆಟ್ ೧೯೩೩ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದ.

‘ಅಕ್ಕಿಯ ಆಸೆಗೆ ಹೋದರು’ ಎನ್ನುವುದು ಊರಿನ ಚಾವಡಿಯ ಹಳೆಯ ತೀರ್ಪು. ಆಸೆ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಬಾವಿಯ ನೀರು ಮುಟ್ಟಗೊಡದ ಊರಿನಲ್ಲಿ, ಹೊಸಿಲಿನೊಳಗೆ ಬಂದು ಚಾಪೆಯ ಮೇಲೆ ಕುಳಿತು ನಿನ್ನ ಹೆಸರೇನೆಂದು ಕೇಳುವ ಮನುಷ್ಯನ ಮೇಲೆ ಆಸೆ ಹುಟ್ಟದಿದ್ದರೆ ಅದೇ ಆಶ್ಚರ್ಯ.

ಇನ್ನು ಕನ್ನಡದ ಮಾತು. ನಿಜಾಮರ ಕಾಲದಲ್ಲಿ ಕಚೇರಿ, ಶಾಲೆ ಎರಡೂ ಉರ್ದುವಿನವು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಸೀಮೆಯಲ್ಲಿ ಮನೆಮಾತು. ಅದೇ ಕಾಲದಲ್ಲಿ ಹಳ್ಳಿಯ ಸಭೆಗಳಲ್ಲಿಯೂ ಆದಿತ್ಯವಾರಕ್ಕೊಮ್ಮೆ ಕನ್ನಡ ಅಕ್ಷರಕ್ಕೆ ಬಾಯಿ ಬರುತ್ತಿತ್ತು. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ೧೮೩೧ರಲ್ಲಿ ಮುಗಿಸಿದ ಅನುವಾದದ ಪರಂಪರೆಯ ಬೈಬಲ್ ಅದು; ಅದರ ಕನ್ನಡ ಪುಸ್ತಕದ ಕನ್ನಡ. ಆ ಮದುವೆಯ ದಿನ ಒಬ್ಬ ಹಿರಿಯರ ಪ್ರಾರ್ಥನೆ ಕೇಳಿದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಗ್ರಾಂಥಿಕದಲ್ಲಿ ಮೊದಲಾದದ್ದು, ಮಳೆಯ ವಿಷಯ ಬಂದೊಡನೆ ‘ಯಪ್ಪಾ, ತೊಗರಿ ಒಣಗಾಕತ್ಯಾವು, ನೋಡವಲ್ಲಿ ಏನು’ ಎಂದು ಊರಿನ ಮಾತಿಗೆ ಇಳಿಯಿತು. ಹಾಡುಗಳಲ್ಲಿ ಕನ್ನಡದ ನಡುವೆ ಮರಾಠಿ, ಉರ್ದು, ತೆಲುಗು ಎಲ್ಲ ಬಂದುಹೋದವು. ಬೀದರದವರಿಗೆ ಅದು ಕಲಬೆರಕೆಯಲ್ಲ, ಸಹಜ.

ಬೇರೆ ದಾರಿ ಹಿಡಿದ ಇಬ್ಬರು ಅಣ್ಣತಮ್ಮಂದಿರು

ವಾಚಕರಿಗೆ ಒಂದು ಸಂದೇಹ ಬಂದಿರಬಹುದು. ಮೈಸೂರಿನ ವೆಸ್ಲಿಯನ್ ಮಿಷನ್, ಅದರ ಮುದ್ರಣಾಲಯ, ೧೮೮೭ರಲ್ಲಿ ಹೊರಟ ‘ವೃತ್ತಾಂತ ಪತ್ರಿಕೆ’ ಇವೆಲ್ಲ ಕನ್ನಡಿಗರು ಬಲ್ಲವೇ. ಅವರೂ ವೆಸ್ಲಿಯ ಮಕ್ಕಳಲ್ಲವೆ? ಹೌದು, ಆದರೆ ಅವರು ಇಂಗ್ಲೆಂಡಿನ ಕವಲು, ಬೀದರದವರು ಅಮೆರಿಕದ ಕವಲು. ಇಂಗ್ಲೆಂಡಿನ ಕವಲಿನಲ್ಲಿ ಬಿಷಪ್ಪರಿರಲಿಲ್ಲ. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ಹಲವು ಸಭೆಗಳು ಕೂಡಿ ‘ದಕ್ಷಿಣ ಭಾರತ ಸಭೆ’ಯಾದಾಗ ಮೈಸೂರಿನ ವೆಸ್ಲಿಯನ್ನರು ಅದರಲ್ಲಿ ಸೇರಿಹೋದರು, ಬೀದರದ ನೆರೆಯ ಮೆದಕಿನವರೂ ಸೇರಿದರು. ಅಮೆರಿಕದ ಕವಲಿನವರು ಸೇರಲಿಲ್ಲ. ಉತ್ತರ ಭಾರತದಲ್ಲಿಯೂ ಅಂಥದೇ ಒಂದು ಐಕ್ಯಕ್ಕೆ ವರ್ಷಗಟ್ಟಲೆ ಮಾತುಕತೆ ನಡೆಸಿ, ೧೯೭೦ರಲ್ಲಿ ಇನ್ನೇನು ತಾಳಿ ಕಟ್ಟಬೇಕೆನ್ನುವಾಗ ಚಪ್ಪರದಿಂದ ಎದ್ದುಬಂದರು.

ಏಕೆ? ಹಲವು ಕಾರಣಗಳನ್ನು ಹಲವರು ಹೇಳುತ್ತಾರೆ. ನನಗೆ ತೋರುವುದಿಷ್ಟು: ದೇಶದಾದ್ಯಂತ ಹರಡಿದ ಸಭೆ ಅದು, ದಕ್ಷಿಣದ ಕೊಂಬೆಯೊಂದನ್ನೇ ಕಡಿದು ಕೊಡುವುದು ಅದಕ್ಕೆ ಸುಲಭವಿರಲಿಲ್ಲ. ಅಮೆರಿಕದ ನಂಟೂ ಅದರಿಂದ ಬರುತ್ತಿದ್ದ ನೆರವೂ ಲೆಕ್ಕಕ್ಕೆ ಬಾರದೆ ಹೋದಾವೆ? ಆದರೆ ಆ ನಂಟಿನಲ್ಲಿ ಅಪಮಾನದ ಒಂದು ಎಳೆಯೂ ಇತ್ತು. ಜಶವಂತರಾವ್ ಚಿತಂಬರ್ ಎಂಬವರು ಈ ಸಭೆಯ ಮೊದಲ ಭಾರತೀಯ ಬಿಷಪ್ಪರಾದದ್ದು ೧೯೩೦-೩೧ರ ಸಮ್ಮೇಳನದಲ್ಲಿ. ಬಟ್ಲರ್ ಬಂದು ಮುಕ್ಕಾಲು ಶತಮಾನ ಕಳೆದ ಮೇಲೆ! ದೇಶ ಸ್ವತಂತ್ರವಾಗಿ ಮೂವತ್ತು ವರುಷ ದಾಟಿದರೂ ಸಭೆಯ ಕೊನೆಯ ಮಾತು ಸಮುದ್ರದಾಚೆಯೇ ಉಳಿದಿತ್ತು. ೧೯೮೧ರ ಜನವರಿ ೭ರಂದು ಮದರಾಸಿನಲ್ಲಿ ‘ಭಾರತದ ಮೆಥೊಡಿಸ್ಟ್ ಸಭೆ’ ಸ್ವಾಯತ್ತ ಸಂಸ್ಥೆಯಾಗಿ ಉದ್ಘಾಟನೆಗೊಂಡಿತು.

ಅದರ ಇಂದಿನ ಏಣಿ ಹೀಗಿದೆ. ಕೆಳಗೆ ಊರಿನ ಸಭೆ. ಅದಕ್ಕೊಬ್ಬ ಸಭಾಪಾಲಕ, ಹಳ್ಳಿಯಾದರೆ ಒಬ್ಬನಿಗೇ ನಾಲ್ಕಾರು ಊರು. ಸಭೆಗಳ ಗುಂಪಿನ ಮೇಲೆ ಜಿಲ್ಲಾ ಮೇಲ್ವಿಚಾರಕ, ಜನ ‘ಡಿ.ಎಸ್. ಸಾಹೇಬರು’ ಎನ್ನುತ್ತಾರೆ. ಜಿಲ್ಲೆಗಳೆಲ್ಲ ಕೂಡಿ ವರುಷಕ್ಕೊಮ್ಮೆ ಪ್ರಾದೇಶಿಕ ಸಮ್ಮೇಳನ. ಅಲ್ಲಿ ಪಾದ್ರಿಗಳೊಡನೆ ಊರವರ ಪ್ರತಿನಿಧಿಗಳೂ ಕೂರುತ್ತಾರೆ. ಅದರ ಮೇಲೆ ನಾಲ್ಕು ವರುಷಕ್ಕೊಮ್ಮೆ ನೆರೆಯುವ ಮಹಾಸಮ್ಮೇಳನ. ಬಿಷಪ್ಪರ ಆಯ್ಕೆ ಅಲ್ಲಿ. ಬರೇಲಿ, ದೆಹಲಿ, ಲಖನೌ, ಮುಂಬಯಿ, ಹೈದರಾಬಾದ್, ಬೆಂಗಳೂರು ಎಂದು ಬಿಷಪ್ಪರ ಆರು ಕ್ಷೇತ್ರಗಳು. ಸಮ್ಮೇಳನದಲ್ಲಿ ಬೋಧಕರ ನಡತೆಯಲ್ಲಿ ದೋಷವುಂಟೆ ಎಂದು ಕೇಳುವ ಪದ್ಧತಿ ವೆಸ್ಲಿಯ ಕಾಲದಿಂದ ಬಂದದ್ದು. ದೀಕ್ಷೆಗೆ ಬಂದವರನ್ನು, ನಿನ್ನ ಕೆಲಸಕ್ಕೆ ಅಡ್ಡಿಯಾಗುವಷ್ಟು ಸಾಲವುಂಟೆ ಎಂದೂ ಕೇಳುವುದುಂಟು. ಈ ಪ್ರಶ್ನೆಯನ್ನು ನಮ್ಮ ಕಾಲೇಜುಗಳ ನೇಮಕಾತಿಯಲ್ಲಿ ಕೇಳಿದರೆ ಅಧ್ಯಾಪಕರಲ್ಲಿ ಎಷ್ಟು ಜನ ಉಳಿದೇವೋ ಕಾಣೆ! ಎಲ್ಲ ಮುಗಿದು ಕಡೆಯಲ್ಲಿ ಬಿಷಪ್ಪರು ಎದ್ದು ಯಾರು ಯಾವ ಊರಿಗೆ ಎಂದು ಓದುತ್ತಾರೆ. ಹಿಂದೆ ಆ ಗಳಿಗೆಯವರೆಗೂ ಬೋಧಕನಿಗೆ ತನ್ನ ಊರು ಗೊತ್ತಾಗುತ್ತಿರಲಿಲ್ಲವಂತೆ. ಈಗ ಮೇಲ್ವಿಚಾರಕರೊಡನೆ ಮೊದಲೇ ಸಮಾಲೋಚನೆ ನಡೆಯುತ್ತದೆ, ಸುದ್ದಿಯೂ ಸೋರುತ್ತದೆ.

ಎರಡು ಪುಸ್ತಕ

ಇಷ್ಟೆಲ್ಲ ಕ್ರಮದ ಈ ಸಭೆಗೆ ತನ್ನ ಜನ ಎಷ್ಟೆಂದು ಎಣಿಸುವುದೇ ಕಷ್ಟ. ಆ ವಿಷಯ ನನಗೆ ತಿಳಿದದ್ದು ಅದೇ ಹುಡುಗನಿಂದ.

ಅವನು ಕಾಲೇಜಿಗೆ ಸೇರಲು ಬಂದ ದಿನ ಅರ್ಜಿ ನೋಡುವ ಕೆಲಸ ನನ್ನದಾಗಿತ್ತು. ಎಲ್ಲ ತುಂಬಿದ್ದ, ‘ಧರ್ಮ’ ಎಂಬಲ್ಲಿ ಮಾತ್ರ ಖಾಲಿ. ಮರೆತಿರಬೇಕೆಂದು ಬೆರಳಿಟ್ಟು ತೋರಿಸಿದೆ. ಹುಡುಗ ತಲೆತಗ್ಗಿಸಿ, “ಸಭೀ ಪುಸ್ತಕದಾಗ ಒಂದು ಅದ ಸರ್, ಸಾಲೀ ಪುಸ್ತಕದಾಗ ಒಂದು ಅದ. ಯಾವ್ದು ಬರೀಲ್ರಿ?” ಎಂದ. ಹಿಂದೆ ಸಾಲಾಗಿ ಜನ ನಿಂತಿದ್ದರು. ಶಾಲೆಯ ಪ್ರಮಾಣಪತ್ರದಲ್ಲಿರುವುದನ್ನೇ ಬರೆ ಎಂದು ಹೇಳಿ ಮುಂದಿನವನನ್ನು ಕರೆದೆ. ನಿಯಮದ ಪ್ರಕಾರ ಅದು ಸರಿಯಾದ ಉತ್ತರ. ಆ ಉತ್ತರ ಕೊಟ್ಟದ್ದಕ್ಕೆ ಇಂದಿಗೂ ನನಗೆ ಒಂದು ಬಗೆಯ ನಾಚಿಕೆ.

ಸಂಗತಿ ಹೀಗಿದೆ. ೧೯೫೦ರಲ್ಲಿ ರಾಷ್ಟ್ರಪತಿಗಳು ಹೊರಡಿಸಿದ ಪರಿಶಿಷ್ಟ ಜಾತಿಗಳ ಆದೇಶದ ೩ನೆಯ ಪರಿಚ್ಛೇದದ ಪ್ರಕಾರ, ಹಿಂದೂ ಧರ್ಮವನ್ನು ಬಿಟ್ಟು ಬೇರೆ ಧರ್ಮದಲ್ಲಿರುವವನು ಪರಿಶಿಷ್ಟ ಜಾತಿಯವನೆನಿಸುವುದಿಲ್ಲ. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ತಿದ್ದುಪಡಿಯಿಂದ ಒಳಗೆ ತೆಗೆದುಕೊಂಡರು. ಕ್ರೈಸ್ತರೂ ಮುಸಲ್ಮಾನರೂ ಹೊರಗೆ ಉಳಿದರು. ೧೯೮೫ರಲ್ಲಿ ಸೂಸೈ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ, ಮತ ಬದಲಿಸಿದ ಮೇಲೂ ಅದೇ ಬಗೆಯ ಅಸೌಕರ್ಯ ಉಳಿದಿದೆಯೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಅರ್ಜಿಯನ್ನು ಒಪ್ಪಲಿಲ್ಲ. ಈ ಕಟ್ಟನ್ನು ತೆಗೆದುಹಾಕಬೇಕೆಂದು ರಂಗನಾಥ ಮಿಶ್ರಾ ಆಯೋಗ ೨೦೦೭ರಲ್ಲಿ ವರದಿಯಿತ್ತಿತು. ೨೦೨೨ರ ಅಕ್ಟೋಬರಿನಲ್ಲಿ ಮಾಜಿ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗವನ್ನು ನೇಮಿಸಲಾಯಿತು.

ಇದರ ವಿರುದ್ಧ ಇರುವ ವಾದವನ್ನೂ ಹೇಳಬೇಕು. ಅಸ್ಪೃಶ್ಯತೆ ಹಿಂದೂ ಸಮಾಜದ ದೋಷ. ಅದನ್ನು ಒಪ್ಪದ ಧರ್ಮಕ್ಕೆ ಹೋದವನು ಆ ಹೆಸರಿನ ಪರಿಹಾರವನ್ನು ಕೇಳುವುದು ಹೇಗೆ ಎಂಬುದು ಒಂದು ಪಕ್ಷ. ಇರುವ ಅಲ್ಪ ಪಾಲಿನಲ್ಲಿ ಮತ್ತೆ ಪಾಲು ಕೊಡಬೇಕಾದೀತೆಂಬ ಭಯ ಇನ್ನೊಂದು. ಎರಡನೆ ಭಯವನ್ನು ಹಗುರವಾಗಿ ಕಾಣುವ ಹಕ್ಕು ನಮ್ಮಂಥವರಿಗಿಲ್ಲ. ಆದರೆ ಮೊದಲನೆಯ ವಾದಕ್ಕೆ ಹಳ್ಳಿಯೇ ಉತ್ತರ ಹೇಳುತ್ತದೆ: ದೀಕ್ಷೆ ಪಡೆದವನ ಮನೆ ಕೇರಿಯಿಂದ ಒಂದು ಗೇಣೂ ಈಚೆಗೆ ಸರಿದಿಲ್ಲ.

೧೯೩೫ರ ಅಕ್ಟೋಬರಿನಲ್ಲಿ ಅಂಬೇಡ್ಕರರು ಯೇವಲೆಯಲ್ಲಿ, ತಾವು ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದಾಗ, ಹರ್ಷದಿಂದ ಸ್ವಾಗತಿಸಿದವರಲ್ಲಿ ಮುಂಬಯಿಯ ಮೆಥೊಡಿಸ್ಟ್ ಬಿಷಪ್ ಬ್ಯಾಡ್ಲಿಯವರೂ ಒಬ್ಬರು. ಅಂಬೇಡ್ಕರರು ಆ ಬಾಗಿಲಿಗೆ ಬರಲಿಲ್ಲ. ೧೯೫೬ರ ಅಕ್ಟೋಬರ್ ೧೪ರಂದು ನಾಗಪುರದಲ್ಲಿ ಬೌದ್ಧರಾದರು. ಅದಾದ ಎರಡೂವರೆ ವಾರಕ್ಕೆ, ನವೆಂಬರ್ ೧ರಂದು, ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಒಂದೇ ಶರತ್ಕಾಲದಲ್ಲಿ ಈ ಸೀಮೆಯ ಬಡವರ ಮುಂದೆ ಹೊಸ ಧರ್ಮವೂ ಹೊಸ ರಾಜ್ಯವೂ ತೆರೆದವು. ಇಂದು ಬೀದರದ ಎಷ್ಟೋ ಕೇರಿಗಳಲ್ಲಿ ಒಂದೇ ಬಳಗದ ಒಂದು ಮನೆಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಬುದ್ಧ, ಮತ್ತೊಂದರಲ್ಲಿ ಎಲ್ಲಮ್ಮ. ಮದುವೆಗೆ ಎಲ್ಲರೂ ಬರುತ್ತಾರೆ. ನಾನು ಹೋದ ಮದುವೆಗೂ ಬಂದಿದ್ದರು.

ಹೀಗೆ ಎರಡು ಪುಸ್ತಕಗಳಲ್ಲಿ ಎರಡು ಹೆಸರಾಗಿ ಬದುಕುವವನನ್ನು ಸುಳ್ಳುಗಾರನೆನ್ನುವುದು ಸುಲಭ. ಸಭೆಯ ಹಿರಿಯರಲ್ಲಿಯೂ ಕೆಲವರು ಹಾಗೆ ಗದರುವುದುಂಟು. ಹುಡುಗನ ತಂದೆ ಮಾತ್ರ, “ದೇವ್ರಿಗಿ ಗೊತ್ತದ್ರಿ, ಸರ್ಕಾರಕ್ಕ ಗೊತ್ತಾಗವಲ್ದು” ಎಂದು ಹೇಳಿ ಚಹಾದ ಬಟ್ಟಲನ್ನು ನನ್ನ ಕಡೆಗೆ ಸರಿಸಿದರು.

ಕಾರ್ತಿಕದ ಜಾತ್ರೆ

ಬಿಷಪ್ಪರು, ಸಮ್ಮೇಳನ, ಶಿಸ್ತಿನ ಗ್ರಂಥ ಇವೆಲ್ಲ ಮೇಲಿನಿಂದ ಬಂದವು. ಕೆಳಗಿನಿಂದ ಬಂದದ್ದು ಜಾತ್ರೆ. ಅಮೆರಿಕದ ಕಾಡಿನಂಚಿನಲ್ಲಿ, ಊರು ದೂರವಿದ್ದ ಜನ ಬಂಡಿ ಕಟ್ಟಿಕೊಂಡು ಬಂದು, ಬಯಲಿನಲ್ಲಿ ಡೇರೆ ಹಾಕಿ, ದಿನಗಟ್ಟಲೆ ಪ್ರಾರ್ಥನೆಯಲ್ಲಿ ಕಳೆಯುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿತ್ತು. ಮಿಷನರಿಗಳು ಅದನ್ನು ಇಲ್ಲಿಗೂ ತಂದರು. ನಮ್ಮವರು ನೋಡಿದರು: ಬಂಡಿ, ಡೇರೆ, ಹಾಡು, ಒಲೆ ಹೂಡಿ ಅಡಿಗೆ, ಅಂಗಡಿ ಸಾಲು. ‘ಓಹೋ, ಜಾತ್ರೆ!’ ಎಂದರು. ವಿಕಾರಾಬಾದಿನ ಸಮೀಪದ ಧಾರೂರಿನಲ್ಲಿ ಪ್ರತಿವರುಷ ನವೆಂಬರಿನಲ್ಲಿ ನೆರೆಯುವ ಮೆಥೊಡಿಸ್ಟರ ಕೂಟಕ್ಕೆ ಜಾತ್ರೆಯೆಂದೇ ಹೆಸರು. ಈಗ ಅದು ತೆಲಂಗಾಣದಲ್ಲಿದೆ. ಬೀದರದ ಕಡೆಯಿಂದ ಹೋಗುವವರಿಗೆ ರಾಜ್ಯದ ಗಡಿ ಲೆಕ್ಕಕ್ಕಿಲ್ಲ. ಹರಕೆ ಹೊತ್ತವರು, ಮಗುವಿನ ಕೂದಲು ತೆಗೆಸುವವರು, ಹೆಣ್ಣು ನೋಡುವವರು, ಬೀಗರನ್ನು ಭೇಟಿಯಾಗುವವರು ಎಲ್ಲರೂ ಹೋಗುತ್ತಾರೆ. ಹರಕೆ, ಮುಡಿ ಇವೆಲ್ಲ ಮೆಥೊಡಿಸ್ಟರ ಇಪ್ಪತ್ತೈದು ಧರ್ಮಸೂತ್ರಗಳಲ್ಲಿ ಎಲ್ಲಿವೆ ಎಂದು ಕೇಳುವ ಕಟ್ಟುನಿಟ್ಟಿನವರುಂಟು. ಎಲ್ಲಿಯೂ ಇಲ್ಲ. ಅಷ್ಟೂರಿನ ಅಹಮದ್ ಶಾ ವಲಿಯ ಗೋರಿಗೆ ಹಿಂದೂಗಳು ಕಾಯಿ ಒಡೆಯುವ ಜಿಲ್ಲೆಯಲ್ಲಿ ಇಂಥ ಪ್ರಶ್ನೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ನಿಂತಿದೆ. ಜಂಗಮವಾಗಿ ಬಂದ ಸಭೆಗೆ ಕಾಲಕ್ರಮದಲ್ಲಿ ಸ್ಥಾವರವೂ ಸೇರಿಕೊಂಡಿತು. ನಗರಗಳಲ್ಲಿ ಬೆಲೆಬಾಳುವ ಅಂಗಳಗಳು, ಶಾಲೆಗಳು, ಬಂಗಲೆಗಳು; ಅವುಗಳ ಹಿಂದೆಯೇ ವ್ಯಾಜ್ಯಗಳು, ಬಣಗಳು. ಸಮ್ಮೇಳನದ ಸಮಯವನ್ನು ಈ ಚರ್ಚೆಯೇ ನುಂಗುತ್ತದೆಂದು ಪಾದ್ರಿಗಳೇ ನೊಂದು ಹೇಳುವುದನ್ನು ಕೇಳಿದ್ದೇನೆ. ಹಳ್ಳಿಯ ಸಭೆಗೆ ವ್ಯಾಜ್ಯವಾಡಲು ಆಸ್ತಿಯೇ ಇಲ್ಲ: ನಾಲ್ಕು ಗೋಡೆ, ತಗಡಿನ ಮಾಡು, ಒಂದು ತಬಲ, ಹೆಸರುಗಳ ಒಂದು ಪುಸ್ತಕ. ಪಾದ್ರಿ ಬರುತ್ತಾನೆ, ಹೋಗುತ್ತಾನೆ. ನಡುವೆ ಹುದ್ದೆ ಖಾಲಿಬಿದ್ದರೆ ತಿಂಗಳುಗಟ್ಟಲೆ ಯಾರೂ ಇರುವುದಿಲ್ಲ. ಆದರೂ ಆದಿತ್ಯವಾರ ಹಾಡು ನಿಲ್ಲುವುದಿಲ್ಲ.

ಮದುವೆಯಾಗಿ ಮೂರು ವಾರದ ಮೇಲೆ ಹುಡುಗ ಸ್ಟಾಫ್ ರೂಮಿಗೆ ಬಂದ. ಹೊಸ ಪಾದ್ರಿಗಳು ಬಂದರಂತೆ. ಪೆಟ್ಟಿಗೆ ಇಳಿಸಿದ ದಿನವೇ ಹೆಸರಿನ ಪುಸ್ತಕ ಕೇಳಿದರಂತೆ. ಹುಡುಕಿದರೆ ಪುಸ್ತಕ ಸಿಗಲಿಲ್ಲ; ಹಿಂದಿನವರ ಸಾಮಾನಿನೊಡನೆ ಟೆಂಪೊ ಹತ್ತಿ ಹೋಗಿತ್ತು. ಆಗ ರೊಟ್ಟಿಯ ಗಂಟು ಕೊಟ್ಟಿದ್ದ ಆ ಮುದುಕಿ ಅಂಗಳದಲ್ಲಿ ಕುಳಿತು, ಒಂದು ಮನೆಯಿಂದ ಆರಂಭಿಸಿ ಇಡೀ ಕೇರಿಯ ಹೆಸರುಗಳನ್ನು, ಹೈದರಾಬಾದಿಗೂ ಪುಣೆಗೂ ಕೂಲಿಗೆ ಹೋದವರನ್ನೂ ಬಿಡದೆ, ಯಾರ ಮಗ ಯಾರು, ಯಾರಿಗೆ ಯಾವ ಪಾದ್ರಿ ನೀರು ಹಾಕಿದರು ಎಂಬುದರೊಂದಿಗೆ ಬಾಯಿಪಾಠವಾಗಿ ಹೇಳಿದಳಂತೆ. ಹೊಸ ಪಾದ್ರಿಗಳು ಬರೆದುಕೊಳ್ಳುತ್ತ ಹೋದರು. ಮುಗಿಯುವಾಗ ದೀಪ ಹಚ್ಚುವ ಹೊತ್ತಾಗಿತ್ತು.